ಬಸಣ್ಣನ ಬಲಗಾಲು

ಬಸಣ್ಣನ ಬಲಗಾಲು ಸುಮ್ಮನಿದ್ದದ್ದನ್ನು ನಾನು ಬಹಳ ಕಾಲ ನೋಡಿಯೇ ಇರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೂರಲಿ, ನಮ್ಮ ಮನೆಯ ಸೋಫಾದ ತುದಿಯಲ್ಲಿ ಕೂರಲಿ, ಆ ಕಾಲು ಒಮ್ಮೆ ನೆಲವನ್ನು ಒತ್ತುತ್ತಿತ್ತು, ಒಮ್ಮೆ ಸಡಿಲ ಬಿಡುತ್ತಿತ್ತು. ಕೂತಲ್ಲೇ ಗಾಡಿ ಓಡಿಸುತ್ತಿದ್ದರು ಪುಣ್ಯಾತ್ಮರು. ಗಣೇಶ ಚೌತಿಗೆ ಊಟಕ್ಕೆ ಕರೆದ ದಿನ ನನ್ನ ಮಗಳು ಅನ್ವಿ ಚೆಂಡಿನ ಹಿಂದೆ ಅಡ್ಡ ಓಡಿಬಂದಳು. ಬಸಣ್ಣ ಗಕ್ಕನೆ ಬ್ರೇಕ್ ಒತ್ತಿದರು. ಟೀಪಾಯಿ ಮಗುಚಿ ಪಾಯಸವೆಲ್ಲ ನನ್ನ ಹೊಸ ಕಾರ್ಪೆಟ್ಟಿನ ಪಾಲಾಯಿತು. ನಾನು ಹಲ್ಲು ಕಚ್ಚಿಕೊಂಡು ಒರೆಸುತ್ತಿದ್ದರೆ ಅವರು, "ಹುಡುಗಿ ಅಡ್ಡ ಬಂತಲ್ರಿ ಅಕ್ಕಾರ, ನಾ ಏನ ಮಾಡ್ಲಿ?" ಎಂದು ನನ್ನನ್ನೇ ಕೇಳಿದರು.

ಸಿಂದಗಿಯ ಕಡೆಯವರು. ಹುಡುಗನಾಗಿದ್ದಾಗಲೇ ಅಪ್ಪ ಅವ್ವನ ಹಿಂದೆ ಪುಣೆಗೆ ಬಂದು, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು, ಅಲ್ಲಿಯ ಲಾರಿಯ ಮೇಲೆಯೇ ಕದ್ದುಮುಚ್ಚಿ ಕೈ ಪಳಗಿಸಿಕೊಂಡು ಡ್ರೈವರ್ ಆದವರು. ನನಗೆ ಪರಿಚಯವಾಗುವ ಹೊತ್ತಿಗೆ ಅವರದೇ ಒಂದು ಬಿಳಿ ಗಾಡಿಯಿತ್ತು, ಏಳು ಸೀಟಿನದು. ವಾಕಡದ ನಮ್ಮ ಅಪಾರ್ಟ್‌ಮೆಂಟಿನಿಂದ ಖರಾಡಿಯ ಆಫೀಸಿಗೆ ನಾವು ನಾಲ್ಕೈದು ಜನ ಅದರಲ್ಲಿ ಹೋಗಿಬರುತ್ತಿದ್ದೆವು. ತುಮಕೂರಿನವಳಾದ ನನಗೆ ಆಫೀಸಿನಲ್ಲಿ ಇಂಗ್ಲಿಷು, ಲಿಫ್ಟಿನಲ್ಲಿ ಹಿಂದಿ, ತರಕಾರಿ ಅಂಗಡಿಯಲ್ಲಿ ಮುರುಕು ಮರಾಠಿ. ಬಾಯಿತುಂಬ ಕನ್ನಡ ಸಿಗುತ್ತಿದ್ದದ್ದು ಆ ಗಾಡಿಯಲ್ಲಿ ಮಾತ್ರ. ಮೊದಲ ವಾರ ಅವರ ಕನ್ನಡ ನನಗೆ ಅರ್ಧ ತಿಳಿಯಲಿಲ್ಲ, ನನ್ನದು ಅವರಿಗೆ ಟಿ.ವಿ.ಯಲ್ಲಿ ಬರುವ ಕನ್ನಡ. "ನೀವು ಮಾತಾಡಿದ್ರ ವಾರ್ತಾ ಓದಿದಂಗ ಆಗ್ತದ," ಎನ್ನುತ್ತಿದ್ದರು.

ಕೆಂಪು ದೀಪ ಬಿದ್ದರೆ ಅವರ ಮೈಗೆ ಇರುವೆ ಹತ್ತಿದ ಹಾಗೆ. ಕನ್ನಡಿ ಸರಿ ಮಾಡಿದರು, ಗಾಜು ಒರೆಸಿದರು, ಹಾರ್ನಿನ ಮೇಲೆ ಬೆರಳಿಟ್ಟರು, ತೆಗೆದರು. "ನಿಂತ ಗಾಡಿಗೆ ನಾಯೀನೂ ಕಾಲೆತ್ತತದ ಅಕ್ಕಾರ!" ಅದು ಅವರ ಜೀವನಸೂತ್ರ. ಜ್ವರ ಬಂದಾಗ ರಜೆ ಹಾಕಿ ಅಂದರೆ ಇದೇ ಮಾತು, ವಯಸ್ಸಾಯಿತು ಅಂದರೂ ಇದೇ ಮಾತು. ಯಾವನಾದರೂ ಬೈಕಿನವನು ಅಡ್ಡ ನುಗ್ಗಿದರೆ ಕಿಟಕಿಯಿಂದ ತಲೆ ಹೊರಹಾಕಿ ಮರಾಠಿಯಲ್ಲಿ ಬೈಯುತ್ತಿದ್ದರು: "ಡೋಳೇ ಆಹೇತ ಕೀ ಬಟಣ್?" ಅವು ಕಣ್ಣೋ, ಅಂಗಿಯ ಗುಂಡಿಯೋ ಅಂತ. ಅನ್ವಿ ಅದನ್ನು ಕಲಿತು ಶಾಲೆಯಲ್ಲಿ ಟೀಚರಿಗೇ ಹೇಳಿ, ನಾನು ಹೋಗಿ ಕೈಮುಗಿದು ಬರಬೇಕಾಯಿತು.

ಅವರ ಹೆಂಡತಿ ಕಲಾವತಕ್ಕ. ಮೊದಲೆಲ್ಲ ಮನೆಯಲ್ಲೇ ಇರುತ್ತಿದ್ದವರು, ಕೊನೆಯ ವರ್ಷ ಇದ್ದಕ್ಕಿದ್ದ ಹಾಗೆ ಗಾಡಿಯ ಮುಂದಿನ ಎಡಸೀಟಿಗೆ ಬಂದು ಕೂರತೊಡಗಿದರು. "ಮನ್ಯಾಗ ಒಬ್ಬಾಕಿಗೆ ಬ್ಯಾಸರಂತ್ರಿ," ಎಂದರು ಬಸಣ್ಣ. ಕೂತವರು ಸುಮ್ಮನೆ ಕೂರಬಾರದೆ? ವಾಕಡದಿಂದ ಖರಾಡಿಯ ತನಕ ಬಾಯಿಗೆ ಬಿಡುವಿಲ್ಲ. "ಎಡಕ್ಕ ಸ್ಕೂಟರ್ ಬಂತು. ಎಡಕ್ಕ ತಗ್ಗು. ಎಡಕ್ಕ ಮುದುಕಿ ನಿಂತಾಳ, ದಾಟ್ತಾಳೇನೋ." ನಮಗೆಲ್ಲ ಹಿಂದಿನ ಸೀಟಿನಲ್ಲಿ ಮುಸಿಮುಸಿ ನಗು. "ಏನ್ ಕಲಾವತಕ್ಕ, ಗಾಡಿ ಓಡಿಸೋದು ನೀವಾ, ಅವರಾ?" ಎಂದು ನಾನೇ ಎಷ್ಟು ಸಲ ಕೀಟಲೆ ಮಾಡಿದ್ದೇನೋ. "ಕೈ ಅವರ್ದು, ಬಾಯಿ ನಂದು," ಎನ್ನುತ್ತಿದ್ದರು ಆಕೆ, ರಸ್ತೆಯಿಂದ ಕಣ್ಣು ಕೀಳದೆ.

ಸ್ಟೇರಿಂಗ್ ಅಂದರೆ ಅವರಿಗೆ ಉಸಿರು. "ಗಾಡಿ ಬಿಟ್ರ ಬಸಣ್ಣ ಅಂದ್ರ ಏನ್ರಿ? ಬರೇ ಗೂಟಕ್ಕ ಹಾಕಿದ ಅಂಗಿ," ಎನ್ನುತ್ತಿದ್ದರು. ಅಂಥವರ ಕೈಯಿಂದ ಸ್ಟೇರಿಂಗ್ ಹೋದದ್ದು ರಸ್ತೆಯಲ್ಲಲ್ಲ, ನಡುಸಮುದ್ರದಲ್ಲಿ. ಅದಕ್ಕೆ ಕಾರಣ ನಮ್ಮ ಮನೆಯ ರಜೆ.

ಅನ್ವಿಯ ಶಾಲೆಗೆ ರಜೆ ಬಿದ್ದಿತ್ತು. ಕೊಂಕಣದ ಒಂದು ಕಡಲೂರಿನಲ್ಲಿ 'ಕಡಲುಗಳ್ಳರ ದಿನ' ಅಂತ ಲಾಂಚಿನಲ್ಲಿ ಇಡೀ ದಿನ ಸುತ್ತಿಸುತ್ತಾರೆಂದು ಮಗಳು ಹಟ ಹಿಡಿದಳು. ತಾಮ್ಹಿಣಿ ಘಾಟು ಇಳಿದು ಹೋಗಬೇಕು. ನನ್ನ ಗಂಡ ಪ್ರಸನ್ನನಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬಾರದು. ನನ್ನ ಬಳಿ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಬಸಣ್ಣನೇ ಗತಿ. ಕಲಾವತಕ್ಕ ಎಡಸೀಟಿನಲ್ಲಿ ಘಾಟಿನುದ್ದಕ್ಕೂ ಒದರಿಕೊಂಡು ಬಂದರು, ಸಂಜೆ ಊರು ಮುಟ್ಟುವಾಗ ಗಂಟಲೇ ಕಟ್ಟಿಹೋಗಿತ್ತು. ಮಾರನೆಯ ಬೆಳಿಗ್ಗೆ ಗಾಡಿಯ ಹತ್ತಿರವೇ ಇರುತ್ತೇವೆಂದ ಅವರಿಬ್ಬರನ್ನೂ ಅನ್ವಿ ಬಿಡಲಿಲ್ಲ. "ಬಸಣ್ಣ ತಾತ ಬರದಿದ್ರೆ ನಾನೂ ಬರಲ್ಲ," ಎಂದು ಲಾಂಚು ನಿಲ್ಲುವ ಧಕ್ಕೆಯ ಮೇಲೇ ಕೂತುಬಿಟ್ಟಳು.

ಲಾಂಚಿಗೆ ಕಪ್ಪು ಬಣ್ಣ ಬಳಿದು, ಮೇಲೆ ತಲೆಬುರುಡೆಯ ಬಾವುಟ ಕಟ್ಟಿದ್ದರು. ಕಪ್ತಾನನ ವೇಷದ ಹುರುಪಿನ ಆಸಾಮಿಯೊಬ್ಬ ಎಲ್ಲರ ತಲೆಗೆ ಕೆಂಪು ವಸ್ತ್ರ ಸುತ್ತಿ, ಕೈಗೆ ರಟ್ಟಿನ ಕತ್ತಿ ಕೊಟ್ಟ. ಗಂಡನಿಗೆ ಕತ್ತಿ ಹಿಡಿದ ಐದೇ ನಿಮಿಷಕ್ಕೆ ವಾಂತಿ ಶುರುವಾಯಿತು, ಆತ ಕಂಬ ಹಿಡಿದು ಕೂತ. ಬಸಣ್ಣನಿಗೆ ಮಾತ್ರ ಕೂರಲಾಗದು. ಆ ತುದಿಗೆ ಹೋದರು, ಈ ತುದಿಗೆ ಬಂದರು. ನೀರಿನ ಮೇಲೆ ಎಲ್ಲಿಗೆ ಹೋದಾರು? ಕೊನೆಗೆ ಲಾಂಚ್ ನಡೆಸುವವನ ಹತ್ತಿರ ನಿಂತು ವಿಚಾರಣೆ ಶುರುಮಾಡಿದರು. ಕ್ಲಚ್ ಯಾವುದು, ಗೇರ್ ಎಷ್ಟು, ಬ್ರೇಕ್ ಎಲ್ಲಿದೆ. "ಬ್ರೇಕ್ ಕುಠೇ ಆಹೇ?" ಎಂದು ಕೇಳಿದಾಗ ಅವನು ನಕ್ಕು, "ಬ್ರೇಕ್ ನಾಹೀ ಕಾಕಾ, ಪಾಣೀ ಆಹೇ," ಎಂದ. ಬ್ರೇಕಿಲ್ಲ, ನೀರಷ್ಟೇ. ಬಸಣ್ಣ ಹೌಹಾರಿ ನನ್ನ ಹತ್ತಿರ ಬಂದರು. "ಬ್ರೇಕ್ ಇಲ್ದ ಗಾಡ್ಯಾಗ ಹುಡುಗೀನ ಕೂಡ್ಸೀರಲ್ರಿ ಅಕ್ಕಾರ!"

ಮಧ್ಯಾಹ್ನ ಉಳಿದವರಿಗೆ ಮೀನೂಟ. ಕಲಾವತಕ್ಕ ಬಟ್ಟೆಗಂಟು ಬಿಚ್ಚಿ ರೊಟ್ಟಿ, ಶೇಂಗಾಹಿಂಡಿ ತೆಗೆದರು. ಆಗಲೇ ಕಪ್ತಾನ ಕರಿಪಟ್ಟಿಗಳ ಪೆಟ್ಟಿಗೆ ತಂದ. ಕಡಲುಗಳ್ಳರೆಂದ ಮೇಲೆ ಒಂದು ಕಣ್ಣು ಮುಚ್ಚಬೇಕಂತೆ. ಒಂಟಿಕಣ್ಣಿನಲ್ಲಿ ಡೆಕ್ಕಿನ ಆ ತುದಿಗೆ ನಡೆದು ಪೆಟ್ಟಿಗೆಯೊಳಗಿನ ಚಾಕಲೇಟ್ ನಾಣ್ಯ ತಂದವರು ಗೆದ್ದಂತೆ. ಎಲ್ಲರೂ ಎಡಗಣ್ಣಿಗೆ ಕಟ್ಟಿಕೊಂಡರು. ಬಸಣ್ಣನೂ ಪಟ್ಟಿಯನ್ನು ಎಡಗಣ್ಣಿಗೇ ಒಯ್ದಿದ್ದರು. ಅಷ್ಟರಲ್ಲಿ ಅನ್ವಿ, "ತಾತ, ನಾನು ಕಟ್ತೀನಿ!" ಎಂದು ಅದನ್ನು ಕಸಿದುಕೊಂಡು, ಬೆಂಚು ಹತ್ತಿ, ಅವರೆದುರು ನಿಂತಳು. ಎದುರು ನಿಂತವರ ಎಡಗಣ್ಣು ನಮ್ಮ ಬಲಕ್ಕೆ ಬರುತ್ತದೆ. ಮೊದಲನೇ ಕ್ಲಾಸಿನ ಮಗುವಿಗೆ ಅದೇನು ಗೊತ್ತು? ತನ್ನ ಎಡಕ್ಕಿದ್ದ ಕಣ್ಣಿಗೆ, ಅಂದರೆ ಅವರ ಬಲಗಣ್ಣಿಗೆ, ಬಿಗಿಯಾಗಿ ಕಟ್ಟಿ "ಹೋಗಿ ತಾತ!" ಎಂದು ಕೂಗಿದಳು.

ಬಸಣ್ಣ ಹೋಗಲಿಲ್ಲ. ನಿಂತರು. ನನ್ನ ಕಣ್ಣು ಹೋದದ್ದು ಅವರ ಬಲಗಾಲಿಗೆ. ಅದು ಹಲಗೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು.

ಆಮೇಲೆ ಎರಡೂ ಕೈ ಮುಂದೆ ಚಾಚಿ ಒಂದು ಹೆಜ್ಜೆ ಇಟ್ಟರು. ಜನ ಚಪ್ಪಾಳೆ ತಟ್ಟಿದರು. ಏನು ನಟನೆ ಅಂತ! ಬಸಣ್ಣನೂ ನಕ್ಕರು, ನಗುತ್ತಲೇ ಲಾಂಚಿನ ಅಂಚಿನ ಕಟಕಟೆಯ ಕಡೆಗೆ, ನೀರಿನ ಕಡೆಗೆ ತಿರುಗಿದರು. ನಾನೂ ನಗುತ್ತಿದ್ದೆ. ಆಗ ಕಲಾವತಕ್ಕ ಮಡಿಲಿನ ರೊಟ್ಟಿ ನೆಲಕ್ಕೆ ಬಿದ್ದದ್ದೂ ಗೊತ್ತಾಗದೆ ಎದ್ದು ನಿಂತರು. ಕಟ್ಟಿದ ಗಂಟಲಿನಲ್ಲೇ ಶುರುಮಾಡಿದರು: "ನಿಂದರ್ರಿ. ಬಲಕ್ಕ ಹೊಳ್ರಿ. ಎಡಕ್ಕ ಕಂಬ ಅದ. ಎಡಕ್ಕ ಹುಡುಗಿ ನಿಂತಾಳ. ಬರ್ರಿ, ಸಾವಕಾಶ ಬರ್ರಿ."

ಅದೇ ದನಿ. ವಾಕಡದಿಂದ ಖರಾಡಿಯ ತನಕ ದಿನಾ ಕೇಳಿದ, ಹಿಂದೆ ಕೂತು ನಕ್ಕ ಅದೇ ದನಿ. ವರ್ಷಪೂರ್ತಿ ಆಕೆ ಹರಟೆ ಹೊಡೆದದ್ದಲ್ಲ, ಗಂಡನ ಎಡಗಣ್ಣಾಗಿ ಕೂತಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆ ದಿನ ನೆತ್ತಿಗೇರಿತು. ಬಸಣ್ಣನನ್ನು ಲಾಂಚಿನ ಹಿಂತುದಿಗೆ ಕರೆದೆ. "ಎಡಗಣ್ಣು ಕಾಣಲ್ವಾ ನಿಮ್ಗೆ?"

ಅವರು ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತರು. "ಒಂದು ಬಟಣ್ ಆಗ್ಯಾದ್ರಿ ಅಕ್ಕಾರ. ನರ ಸತ್ತದ ಅಂದ್ರು ಡಾಕ್ಟರು. ಬೆಳಕಷ್ಟ ಕಾಣ್ತದ."

"ಗೊತ್ತಿದ್ದೂ ನನ್ ಮಗಳನ್ನ ಕೂರಿಸ್ಕೊಂಡು ಘಾಟ್ ಇಳಿಸಿದ್ರಾ? ಏನ್ ಬಸಣ್ಣ ಇದು! ಏನಾದ್ರೂ ಆಗಿದ್ರೆ?"

"ಗಾಡಿಗೆ ಒಂದು ಗೀರು ಬಿದ್ದಿಲ್ರಿ ಇಲ್ಲೀತನಕ."

ಹಿಂದೆಯೇ ಬಂದಿದ್ದ ಕಲಾವತಕ್ಕ ಸಿಡಿದರು. "ಗೀರು ಬಿದ್ದಿಲ್ಲ ಅಂತಾರ ನೋಡ್ರಿ! ಯಾಕ ಬಿದ್ದಿಲ್ಲ ಅಂತ ನನ್ನ ನಾಲಿಗೀನ ಕೇಳ್ರಿ. ದಿನಾ ಮನೀಗೆ ಹೋಗಿ ದೇವರ ಮುಂದ ಕುಂತು ಅಳ್ತೀನಿ ನಾ. ಬಿಡ್ರಿ ಅಂದ್ರ, ಬಿಟ್ರ ಸಾಯ್ತೀನಿ ಅಂತಾರ. ನಾ ಯಾರ್ಗಿ ಹೇಳ್ಲಿ?"

ಲಾಂಚು ದಡ ಸೇರಲು ಇನ್ನೂ ಅರ್ಧ ದಿನವಿತ್ತು. ಬೈದು ಎದ್ದುಹೋಗೋಣವೆಂದರೆ ಹೋಗುವುದೆಲ್ಲಿಗೆ? ಸುತ್ತ ನೀರು. ಡಾಲ್ಫಿನ್ ಕಂಡವಂತೆ, ಜನ ಕಿರುಚಿದರು. ಕಪ್ತಾನ ಹಾಡಿದ, ಕುಣಿಸಿದ. ನಾವು ಮೂವರು ಅದೇ ಹಲಗೆಯ ಮೇಲೆ ಚಡಪಡಿಸುತ್ತ ಅತ್ತಿತ್ತ ಅಡ್ಡಾಡಿದೆವು. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ನಾಳೆ ಘಾಟು ಹತ್ತಬೇಕು, ಓಡಿಸುವವರು ಯಾರು? ಈ ಮನುಷ್ಯನ ಕೈಯಿಂದ ಸ್ಟೇರಿಂಗ್ ಕಿತ್ತುಕೊಳ್ಳುವ ಪಾಪ ನನ್ನ ಹಣೆಯಲ್ಲೇ ಬರೆದಿತ್ತೆ? ಸಿಟ್ಟಿತ್ತು, ಭಯವಿತ್ತು, ಅವರ ಮುಖ ನೋಡಿದರೆ ಅಳುವೂ ಬರುತ್ತಿತ್ತು.

ನಾನು ಕಿತ್ತುಕೊಳ್ಳಬೇಕಾಗಲಿಲ್ಲ. ಹೊತ್ತು ಇಳಿಯುವಾಗ ಲಾಂಚು ಧಕ್ಕೆಗೆ ತಾಗಿತು. ಅನ್ವಿ ಎಂದಿನಂತೆ ಹಾರಿ ಬಂದು ಬಸಣ್ಣನ ಕೈ ಹಿಡಿದಳು, ಎಡಗೈ. ಅವಳು ಬಂದದ್ದು ಅವರಿಗೆ ಕಾಣಲಿಲ್ಲ. ಬೆಚ್ಚಿಬಿದ್ದರು. ಕತ್ತನ್ನು ಪೂರ್ತಿ ತಿರುಗಿಸಿ ಅವಳನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಚಾವಿ ತೆಗೆದು ನನ್ನ ಮುಂದೆ ಹಿಡಿದರು.

"ಹಿಡೀರಿ ಅಕ್ಕಾರ. ನಾಳಿ ನೀವು ಹೊಡೀರಿ."

"ನಂಗೆ ಘಾಟ್‌ನಲ್ಲಿ ಓಡ್ಸಕ್ಕೆ ಬರಲ್ಲ ಬಸಣ್ಣ."

"ಎರಡು ಕಣ್ಣು ಅದಾವಲ್ಲ, ಬರ್ತದ."

ಮಾರನೆಯ ಬೆಳಿಗ್ಗೆ ನಾನು ಸ್ಟೇರಿಂಗ್ ಹಿಡಿದೆ, ಬಸಣ್ಣ ಎಡಸೀಟಿನಲ್ಲಿ ಕೂತರು. ಅವರ ಬಲಗಾಲು ಮತ್ತೆ ಶುರುಮಾಡಿಕೊಂಡಿತ್ತು. ನಾನು ಬ್ರೇಕ್ ಒತ್ತುವ ಮೊದಲೇ ಅವರು ಒತ್ತಿರುತ್ತಿದ್ದರು. "ಗೇರ್ ಇಳಸ್ರಿ. ಹಾರ್ನ್ ಹೊಡೀರಿ, ಹಾರ್ನಿಗೇನು ರೊಕ್ಕ ಬೀಳ್ತದೇನು? ಬಲಕ್ಕ ಲಾರಿ ಬರ್ಲಾಕತ್ತದ. ಬಲಕ್ಕ ನಾ ಅದೀನಿ, ಎಡಕ್ಕ ನೀವು ನೋಡ್ಕೋರಿ." ನನ್ನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಹಿಂದಿನಿಂದ ಸದ್ದೇ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಲಾವತಕ್ಕ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಘಾಟು ಮುಗಿದರೂ ಎಚ್ಚರವಾಗಲಿಲ್ಲ, ಪುಣೆ ಬಂದು ಎಬ್ಬಿಸಬೇಕಾಯಿತು.

ಬಸಣ್ಣ ಆಮೇಲೆ ಗಾಡಿ ಓಡಿಸಲಿಲ್ಲ. ಗಾಡಿಯನ್ನು ನಾನೇ ಕೊಂಡೆ, ಬೇರೆಯವರಿಗೆ ಹೋಗುವುದು ನನಗೂ ಬಸಣ್ಣನಿಗೂ ಬೇಡವಾಗಿತ್ತು. ಕೆಲವು ತಿಂಗಳು ವಾಕಡದ ರಸ್ತೆಗಳಲ್ಲಿ ಸುಮ್ಮನೆ ಅಲೆದರು. ನಮ್ಮ ಗೇಟಿನ ಹತ್ತಿರ ಬಂದು, ವಾಚ್‌ಮನ್‌ನ ಜೊತೆ ನಿಂತು, ಹೋಗಿಬರುವ ಗಾಡಿಗಳಿಗೆ ಬೇಡವೆಂದರೂ ರಿವರ್ಸ್ ಹೇಳುತ್ತಿದ್ದರು. ಆಮೇಲೆ ವಿಜಯಪುರದಲ್ಲಿದ್ದ ತಮ್ಮ ಮಗಳ ಮನೆಗೆ ಹೋಗಿಬಿಡುವುದೆಂದು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಿದರು.

ಹೊರಡುವ ದಿನ ಹೇಳಿಹೋಗಲು ಬಂದರು. ಅನ್ವಿ ಶಾಲೆಯಲ್ಲಿದ್ದಳು. ಚಹಾ ಕುಡಿದರು, ಟೀಪಾಯಿಯನ್ನು ತಾವೇ ದೂರ ಸರಿಸಿಟ್ಟು. ಸ್ಟೇಷನ್ನಿಗೆ ನಾನು ಬಿಡುತ್ತೇನೆ ಎಂದರೆ, "ಬ್ಯಾಡ್ರಿ, ಆಟೋದಾಗ ಹೋಗ್ತೀವಿ. ಈ ಗಾಡ್ಯಾಗಿಂದ ಇಳಿಯೂದು ಕಷ್ಟ ಆಗ್ತದ," ಎಂದರು. ಕೆಳಗೆ ಪಾರ್ಕಿಂಗಿಗೆ ಬಂದಾಗ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರನ್ನು ಕಾಲಿನಿಂದ ಒತ್ತಿ ನೋಡಿದರು. "ಒಂದೀಟು ಕೂಡ್ಲೇನ್ರಿ?" ಎಂದು ಕೇಳಿದರು, ತಮ್ಮ ಗಾಡಿಯಲ್ಲಿ ಕೂರಲು ನನ್ನನ್ನು. ನಾನು ಬಾಗಿಲು ತೆಗೆದೆ.

ಚಾವಿ ನನ್ನ ಕೈಯಲ್ಲೇ ಇತ್ತು. ಅವರು ಕೇಳಲಿಲ್ಲ. ಕೂತರು, ಸೀಟು ಹಿಂದೆ ಸರಿಸಿದರು, ಕನ್ನಡಿ ತಮ್ಮ ಎತ್ತರಕ್ಕೆ ತಿರುಗಿಸಿಕೊಂಡರು. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಎದುರಿನ ಗೋಡೆಯನ್ನು ನೋಡುತ್ತ ಕೂತರು. ಅವರ ಬಲಗಾಲು ಅಲ್ಲಾಡುತ್ತಿರಲಿಲ್ಲ.

ಕಲಾವತಕ್ಕ ಚೀಲಗಳನ್ನು ನನ್ನ ಕಾಲ ಬಳಿ ಇಟ್ಟು, ಆ ಕಡೆಯಿಂದ ಬಂದು ಎಡಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡರು. ಸೆರಗು ಸರಿ ಮಾಡಿಕೊಂಡು, ಕಿಟಕಿಯಿಂದ ತಲೆ ಹೊರಹಾಕಿ, ಎಡಕ್ಕಿದ್ದ ಖಾಲಿ ಜಾಗವನ್ನು ಉದ್ದಕ್ಕೂ ನೋಡಿದರು.

"ಎಡಕ್ಕ ಏನೂ ಇಲ್ರಿ," ಎಂದರು. "ನಡೀರಿ."

ಬಸಣ್ಣ ಕ್ಲಚ್ ಒತ್ತಿ ಗೇರ್ ಹಾಕಿದರು.