ಟವೆಲ್ಲಿನ ಕೆಳಗಿನ ಮಾತು

ಬ್ಯಾಡಗಿಯ ಪ್ರಭುಲಿಂಗಪ್ಪ ಎತ್ತಿನ ದಲ್ಲಾಳಿ. ರಾಣೆಬೆನ್ನೂರಿನ ಕಾಲೇಜಿಗೆ ಪಿಯುಸಿ ಸೈನ್ಸ್ ಓದಲು ಹೋಗಿ, ಕ್ಲಾಸಿಗಿಂತ ದನದ ಸಂತೆಯಲ್ಲೇ ಹೆಚ್ಚು ಹೊತ್ತು ಕಳೆದು, ಕಡೆಗೆ ಎತ್ತಿನ ಬಾಲ ಹಿಡಿದವನು. ಹಾಗಂತ ದಡ್ಡನಲ್ಲ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವವರು ನಮ್ಮ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ಈತ ಎತ್ತು ಹಿಡಿದು ನಿಂತವನ ಮುಖ ನೋಡಿ, ಅವನು ಇವತ್ತೇ ಮಾರುತ್ತಾನೋ ಮುಂದಿನ ವಾರ ಮತ್ತೆ ಹೊಡೆದುಕೊಂಡು ಬರುತ್ತಾನೋ ಹೇಳಿಬಿಡುತ್ತಿದ್ದ.

ಹಾವೇರಿಯ ಸಂತೆಯಲ್ಲಿ ಎತ್ತಿನ ದರವನ್ನು ಬಾಯಿಂದ ಆಡುವುದಿಲ್ಲ. ದಲ್ಲಾಳಿಯ ಕೈಯೂ ಗಿರಾಕಿಯ ಕೈಯೂ ಒಂದು ಟವೆಲ್ಲಿನ ಕೆಳಗೆ ಸೇರುತ್ತವೆ. ಬೆರಳು ಹಿಡಿಯುವುದಕ್ಕೊಂದು ಲೆಕ್ಕ, ಒತ್ತುವುದಕ್ಕೊಂದು ಲೆಕ್ಕ. ಸುತ್ತ ನಿಂತವರಿಗೆ ಟವೆಲ್ಲು ಅಲ್ಲಾಡುವುದಷ್ಟೇ ಕಾಣುತ್ತದೆ. ಅಲ್ಲಿ ಪ್ರಭುಲಿಂಗಪ್ಪನ ಕೈ ರಾಜನ ಕೈ. ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತರೆ, ಯಾರ ಬೆರಳು ನಡುಗಿತು, ಯಾರ ಅಂಗೈ ಬೆವತಿತ್ತು, ಎಲ್ಲವನ್ನೂ ಹೆಂಡತಿ ಸುಶೀಲವ್ವನಿಗೆ ಹೇಳಬೇಕು. ಅವಳು ಜೋಳ ಹಸನು ಮಾಡುತ್ತ ನಡುನಡುವೆ ಚುಚ್ಚಬೇಕು. ಅದಾಗದೆ ಇಬ್ಬರಿಗೂ ಊಟ ಇಳಿಯುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಅವನಿಗೊಂದು ಕೆಟ್ಟ ಜ್ವರ ಬಂತು. ಬಂದ ಜ್ವರ ಹೋಯಿತು, ಹೋಗುವಾಗ ಎರಡೂ ಕಿವಿಗಳನ್ನು ಒಯ್ದಿತು. ನರವೇ ಸತ್ತಿದೆ, ಮಷೀನು ಹಾಕಿದರೂ ಉಪಯೋಗವಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು. ಸಂತೆಗೆ ಹೋಗುವುದು ನಿಲ್ಲಲಿಲ್ಲ. ಟವೆಲ್ಲಿನ ಕೆಳಗೆ ಕಿವಿಯ ಕೆಲಸವೇನಿದೆ? ಕಷ್ಟವಾದದ್ದು ಮನೆಯಲ್ಲಿ. ಮೊದಮೊದಲು ಮಗ ಕೊಟ್ರೇಶ, ಸೊಸೆ ಸುರೇಖಾ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದರು. ದಿನ ಕಳೆದಂತೆ ಬರವಣಿಗೆ ಸಣ್ಣದಾಯಿತು. ‘ಊಟ’, ‘ಸ್ನಾನ’, ‘ಕರೆಂಟ್ ಬಿಲ್’. ನಗುವ ಮಾತನ್ನು ಪಾಟಿಯ ಮೇಲೆ ಯಾರು ಬರೆಯುತ್ತಾರೆ? ಎಲ್ಲರೂ ನಕ್ಕು ಮುಗಿಸಿದ ಮೇಲೆ ಆತ ಒಬ್ಬೊಬ್ಬರ ಮುಖ ನೋಡುತ್ತಿದ್ದ. ಆ ನೋಟ ಕಂಡರೂ ಸುಶೀಲವ್ವ ಕಾಣದವಳಂತೆ ಒಳಗೆ ಹೋಗಿಬಿಡುತ್ತಿದ್ದಳು. ಅವಳ ಎದೆಯಲ್ಲಿ ಅದು ಮುಳ್ಳಿನ ಹಾಗೆ ಉಳಿಯಿತು.

ಒಂದು ದಿನ ಊಟಕ್ಕೆ ಕೂತವನು ತಟ್ಟೆ ಸರಿಸಿದ.

“ನಾ ಈ ಮನ್ಯಾಗ ಗ್ವಾದಲ್ಯಾಗ ಕಟ್ಟಿದ ಎತ್ತು ಆಗೇನಿ. ಹೊತ್ತಿಗೆ ಮೇವು ಹಾಕ್ತೀರಿ, ನೀರು ಕುಡಸ್ತೀರಿ. ಎತ್ತಿನ್ನಾದ್ರೂ ಮಂದಿ ಮೈ ಸವರಿ ಮಾತಾಡಸ್ತಾರ.”

ಸುರೇಖಾ ಪಾಟಿ ಹುಡುಕಿ ತರುವಷ್ಟರಲ್ಲಿ ಆತ ಎದ್ದು ಹೋಗಿದ್ದ. ಅಂದಿನಿಂದ ಆತ ಮನೆಯಲ್ಲಿ ಮಾತನ್ನೇ ಬಿಟ್ಟ. ಕಟ್ಟೆಯ ಮೇಲೆ ಕೂತು ರಸ್ತೆ ನೋಡುವುದು, ಕತ್ತಲಾದರೆ ಒಳಗೆ ಬರುವುದು.

ಅವನು ಹೋಗಿ ಕೂರುತ್ತಿದ್ದ ಇನ್ನೊಂದು ಜಾಗವೆಂದರೆ ಇಸಾಕಸಾಬನ ಅಂಗಡಿ. ಇಸಾಕಸಾಬ ರೇಡಿಯೊ, ಟಿವಿ ರಿಪೇರಿ ಮಾಡುವವನು. ಜೊತೆಗೆ ಹ್ಯಾಮ್ ರೇಡಿಯೊ ಹುಚ್ಚು. ಸರ್ಕಾರದ ಲೈಸೆನ್ಸು ಪಡೆದು, ತಾನೇ ಕಟ್ಟಿದ ಸೆಟ್ಟಿನಿಂದ ದೇಶಾವರದವರ ಜೊತೆ ಮೋರ್ಸ್ ಸಂಕೇತದಲ್ಲಿ ಮಾತಾಡುತ್ತಿದ್ದ. ಗಿಡ್ಡ ಸದ್ದೊಂದು, ಉದ್ದ ಸದ್ದೊಂದು. ಅವೆರಡನ್ನೇ ಕೂಡಿಸಿ ಇಂಗ್ಲಿಷಿನ ಎಲ್ಲ ಅಕ್ಷರ. ಒಂದು ಮಧ್ಯಾಹ್ನ ಬಿಚ್ಚಿಟ್ಟ ಸ್ಪೀಕರಿನ, ಸದ್ದಿಗೆ ಅದುರುತ್ತಿದ್ದ ಕಾಗದದ ಮೇಲೆ ಪ್ರಭುಲಿಂಗಪ್ಪನ ಕೈ ತಾನಾಗಿ ಹೋಗಿ ಕೂತಿತು. ಕೂತದ್ದು ಏಳಲಿಲ್ಲ.

“ಲೇ ಇಸಾಕಾ,” ಎಂದ ಕಣ್ಣರಳಿಸಿ, “ಇದರಾಗ ಯಾರೋ ದರಾ ಹೇಳಾಕತ್ತಾರಲ್ಲೋ!”

ಇಸಾಕಸಾಬ ನಗುತ್ತ ಪಾಟಿ ಎಳೆದುಕೊಂಡು ಬರೆದ: ‘ದರಾ ಅಲ್ಲ ಪ್ರಭಣ್ಣ, ಮಾತು. ಕೊಲಂಬೋದವರು. ಅಲ್ಲಿ ಮಳಿ ಬರಾಕತ್ತೈತಂತ.’

ಮನೆಗೆ ಬಂದವನು ಎಷ್ಟೋ ತಿಂಗಳ ನಂತರ ಹೆಂಡತಿಯನ್ನು ತಾನಾಗಿ ಕೂಗಿದ. ಲೈಸೆನ್ಸಿನ ಪರೀಕ್ಷೆಗೆ ಕೂರುತ್ತೇನೆ ಎಂದ. ಕಾನೂನು, ಎಲೆಕ್ಟ್ರಾನಿಕ್ಸು ಓದಿ ಬರೆಯಬೇಕು. ಪಿಯುಸಿಯಲ್ಲಿ ಬಿಟ್ಟದ್ದನ್ನು ಈಗ ಓದಿದರಾಯಿತು. ಮೋರ್ಸ್ ಕಳಿಸಿ ತೋರಿಸಬೇಕು, ಬಂದದ್ದನ್ನು ಬರೆದುಕೊಳ್ಳಬೇಕು; ಅದಕ್ಕೆ ಬೆರಳಿದೆ.

“ಲೈಸೆನ್ಸ್ ಒಂದು ಬಂದ್ರ, ಯಾರ ಜೋಡಿ ಬೇಕಾದ್ರೂ ಮಾತಾಡಬಹುದು, ನೋಡು. ನಾ ಕಿವುಡ ಅನ್ನೋದು ಅವರಿಗೆ ಗೊತ್ತಾಗಂಗಿಲ್ಲ.”

ಸುಶೀಲವ್ವನಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಕೊಲಂಬೋದವನ ಜೊತೆ ಮಾತಾಡಲು ಇಷ್ಟು ಆಸೆ, ಪಕ್ಕದಲ್ಲಿ ಕೂತವಳು ಯಾವ ಲೆಕ್ಕ? ಆದರೂ ಅವನ ಮುಖದಲ್ಲಿ ಬಂದ ಕಳೆ ನೋಡಿ ತಲೆಯಾಡಿಸಿದಳು.

ಮೋರ್ಸ್ ಓದಿ ಬರುವ ವಿದ್ಯೆಯಲ್ಲ. ಯಾರಾದರೂ ದಿನಾ ಕಳಿಸಬೇಕು, ಇವನು ದಿನಾ ಹಿಡಿಯಬೇಕು. ಕ್ರಿಕೆಟ್ಟಿನ ಕಾಲ, ಇಸಾಕಸಾಬನ ಅಂಗಡಿಯಲ್ಲಿ ರಿಪೇರಿಗೆ ಬಂದ ಟಿವಿಗಳ ಸಾಲು. ಅವನು ಮೋರ್ಸ್ ಒತ್ತುವ ಕೀಲಿಯೊಂದನ್ನೂ ಸ್ಪೀಕರನ್ನೂ ಮನೆಗೇ ತಂದುಕೊಟ್ಟು, ರಟ್ಟಿನ ಮೇಲೆ ಅಕ್ಷರಗಳ ಚುಕ್ಕೆ, ಗೆರೆ ಬರೆದಿಟ್ಟು, “ಅಕ್ಕಾರ, ನೀವ ಒತ್ತರಿ. ಚುಕ್ಕಿಗೆ ಸ್ವಲ್ಪ, ಗೆರಿಗೆ ಜಾಸ್ತಿ. ರೊಟ್ಟಿ ಬಡದ ಕೈಗೆ ಇದೇನು ಮಹಾ,” ಎಂದ. ಸುಶೀಲವ್ವ ಮೇಡ್ಲೇರಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು; ಎಬಿಸಿಡಿ ಮರೆತಿರಲಿಲ್ಲ. ಗೊಣಗುತ್ತಲೇ ಕೂತಳು.

ಆ ಬೇಸಿಗೆಯಲ್ಲಿ ಕರೆಂಟು ಇರುತ್ತಿದ್ದದ್ದಕ್ಕಿಂತ ಹೋಗುತ್ತಿದ್ದದ್ದೇ ಹೆಚ್ಚು. ಕರೆಂಟು ಹೋದರೆ ಸ್ಪೀಕರು ಸತ್ತಂತೆ. ಅಂಥ ಒಂದು ಸಂಜೆ ಆತ ಅಂಗೈ ಮುಂದೆ ಚಾಚಿದ: “ಇದರ ಮ್ಯಾಲ ಒತ್ತು.” ಮಗ, ಸೊಸೆ ತಿರುಗಾಡುವ ಮನೆ. ಸುಶೀಲವ್ವ ಆಚೀಚೆ ನೋಡಿ, ಅವನ ಹೆಗಲ ಮೇಲಿನ ಟವೆಲ್ಲನ್ನು ಎಳೆದು ಇಬ್ಬರ ಕೈಯ ಮೇಲೂ ಹೊದಿಸಿದಳು. ಅಷ್ಟರಲ್ಲೇ ಎದುರು ಮನೆಯ ಮುದುಕವ್ವ ಬಂದು, “ಏನವಾ ಸುಶೀಲಿ, ಎತ್ತು ಕೊಳ್ಳಾಕ ಹೊಂಟೀಯೋ ಕೊಡಾಕ ಹೊಂಟೀಯೋ?” ಎಂದು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು.

ಹಾಗೆ ಶುರುವಾದದ್ದು ಪದ್ಧತಿಯೇ ಆಯಿತು. ಮೊದಲು ಇಸಾಕಸಾಬ ಬರೆದುಕೊಟ್ಟ ಇಂಗ್ಲಿಷ್ ಸಾಲುಗಳನ್ನು ಒತ್ತುತ್ತಿದ್ದಳು. ಅರ್ಥವಾಗದ ಸಾಲು ಒತ್ತಿ ಒತ್ತಿ ಬೇಜಾರಾಗಿ, ಒಂದು ದಿನ ಇಂಗ್ಲಿಷ್ ಅಕ್ಷರದಲ್ಲೇ ತನ್ನ ಮಾತು ಒತ್ತಿದಳು: ‘ಚಹಾ ಬೇಕೇನ್ರಿ?’ ಪ್ರಭುಲಿಂಗಪ್ಪ ಬಿದ್ದು ಬಿದ್ದು ನಕ್ಕ. ಆಮೇಲೆ ಸೊಸೆಯ ಸಾರಿಗೆ ಉಪ್ಪು ಹೆಚ್ಚಾದದ್ದು, ಮುದುಕವ್ವನ ಎಮ್ಮೆ ಈದದ್ದು, ಎಲ್ಲವೂ ಟವೆಲ್ಲಿನ ಕೆಳಗೆ ನಡೆಯಿತು. ಆತ ಬಾಯಿಂದ ಉತ್ತರ ಕೊಡುತ್ತಿದ್ದ. ಸಂತೆಯ ಸುದ್ದಿ ಮತ್ತೆ ಮನೆಗೆ ಬರತೊಡಗಿತು. ಅವಳು ಮತ್ತೆ ಚುಚ್ಚತೊಡಗಿದಳು. ಇದನ್ನು ಇಬ್ಬರೂ ಪರೀಕ್ಷೆಯ ತಯಾರಿ ಎಂದೇ ಕರೆಯುತ್ತಿದ್ದರು.

ಒಂದು ಸಾಲನ್ನು ಮಾತ್ರ ಸುಶೀಲವ್ವ ಒತ್ತುತ್ತಿರಲಿಲ್ಲ. ರೇಡಿಯೊದಲ್ಲಿ ಯಾರ ಜೊತೆ ಮಾತಾಡಿದರೂ ಮೊದಲು ಹೆಸರು ಹೇಳಬೇಕಂತೆ; ಅದಕ್ಕೇ ಇಸಾಕಸಾಬ ‘ನನ್ನ ಹೆಸರು ಪ್ರಭುಲಿಂಗಪ್ಪ’ ಎಂಬುದನ್ನೂ ಬರೆದಿದ್ದ. ಆ ಸಾಲು ಬಂದಾಗ ಅವಳ ಬೆರಳು ಹಾರಿ ಮುಂದಿನ ಸಾಲಿಗೆ ಹೋಗುತ್ತಿತ್ತು. ಗಂಡನ ಹೆಸರನ್ನು ಅವಳು ಹೇಳಿದ್ದು ಜೀವನದಲ್ಲಿ ಒಂದೇ ಸಲ, ಮದುವೆಯ ದಿನ, ಹೆಂಗಸರೆಲ್ಲ ಬಾಗಿಲು ಕಟ್ಟಿ ಕಾಡಿದ್ದಕ್ಕೆ ಒಡಪಿನ ಪ್ರಾಸದೊಳಗೆ ಅಡಗಿಸಿ ಹೇಳಿ ಓಡಿದ್ದು.

“ಬಾಯೀಲೆ ಹೇಳಂದ್ನೇನ? ಬೆರಳೀಲೆ ಹೇಳಾಕ ಏನಾಗೈತಿ?” ಎಂದು ಆತ ಕೆಣಕುತ್ತಿದ್ದ.

‘ಒಲ್ಲೆ’ ಎಂದು ಅವಳು ಒತ್ತುತ್ತಿದ್ದಳು.

ಇಸಾಕಸಾಬ ಎರಡು ಸಲ ಎಚ್ಚರಿಸಿದ. ಒಬ್ಬರ ಕೈಗೇ ಒಗ್ಗಬೇಡ, ಪರೀಕ್ಷೆಯಲ್ಲಿ ಯಂತ್ರ ಕಳಿಸುತ್ತದೆ ಎಂದು ಬರೆದು ತೋರಿಸಿ, ಯಂತ್ರದ ಮೋರ್ಸಿನ ಒಂದು ಕ್ಯಾಸೆಟ್ಟನ್ನೂ ಕೊಟ್ಟ. ಪ್ರಭುಲಿಂಗಪ್ಪ ಒಮ್ಮೆ ಸ್ಪೀಕರಿನ ಮೇಲೆ ಬೆರಳಿಟ್ಟು, “ಇದರಾಗ ಜೀವ ಇಲ್ಲೋ,” ಎಂದು ಎತ್ತಿಟ್ಟ. ಕಂಡು ಕೇಳರಿಯದ ಸಾವಿರ ಜನರ ಬೆರಳು ಓದಿದ ದಲ್ಲಾಳಿಗೆ ಯಂತ್ರದ ಹೆದರಿಕೆಯೇ? ತನ್ನ ಕೈಯ ಮೇಲೆ ಅವನಿಗೆ ಅಷ್ಟು ಸೊಕ್ಕು. ಸೊಕ್ಕಿಗೆ ಮದ್ದಿಲ್ಲ.

ಎರಡು ಸಾವಿರದ ಮೂರನೆಯ ಇಸವಿ. ಸುತ್ತಿನ ಊರುಗಳಿಂದ ಸಾಕಷ್ಟು ಜನ ಅರ್ಜಿ ಹಾಕಿದ್ದರಿಂದ ಅಧಿಕಾರಿಗಳೇ ಹಾವೇರಿಗೆ ಬಂದು ಒಂದು ಶಾಲೆಯಲ್ಲಿ ಪರೀಕ್ಷೆ ನಡೆಸಿದರು. ಇಸಾಕಸಾಬ ಮೊದಲೇ ಕಾಗದ ಬರೆದು, ಇವನು ಬೆರಳಿನಿಂದ ಹಿಡಿಯಲು ಒಪ್ಪಿಗೆ ತರಿಸಿದ್ದ. ಉಳಿದವರೆಲ್ಲ ಮೀಸೆ ಮೂಡುತ್ತಿದ್ದ ಹುಡುಗರು. ಬರೆಯುವ ಪರೀಕ್ಷೆ ಚೆನ್ನಾಗಿ ಆಯಿತು. ಕೀಲಿ ಒತ್ತಿ ಕಳಿಸುವುದೂ ಆಯಿತು. ಕೊನೆಗೆ ಹಿಡಿಯುವುದು. ಅವನ ಮುಂದೊಂದು ಸ್ಪೀಕರು ಇಟ್ಟರು. ಆತ ಬೆರಳಿಟ್ಟು, ಯೋಚಿಸದೆ, ಹೆಗಲ ಟವೆಲ್ಲನ್ನು ತೆಗೆದು ಕೈಯ ಮೇಲೆ ಮುಚ್ಚಿದ.

ಅಧಿಕಾರಿ ದಡಬಡ ಎದ್ದು ಬಂದು ಟವೆಲ್ಲು ಎತ್ತಿದರು. ಕೆಳಗೆ ಬರೀ ಕೈ ಇತ್ತು. “ಯಾಕ್ರೀ ಮುಚ್ಕೊಳ್ತೀರಾ?” ಎಂದು ಕೇಳಿದ್ದು ಅವನಿಗೆ ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇಸಾಕಸಾಬ, “ಸಾಹೇಬ್ರ, ದನದ ವ್ಯಾಪಾರದವರು. ಕೈಯಾಗಿನ ಮಾತು ಮಂದಿಗೆ ತೋರಸಂಗಿಲ್ರಿ,” ಎಂದ. ಅಧಿಕಾರಿ ಒಂದು ಗಳಿಗೆ ಆ ಕೈಯನ್ನೇ ನೋಡಿ, ತಾವೇ ಟವೆಲ್ಲು ಹೊದಿಸಿ ಹೋದರು.

ಸುಶೀಲವ್ವ ಕಿಟಕಿಯ ಹೊರಗೆ ನಿಂತಿದ್ದಳು. ಯಂತ್ರ ಶುರುವಾಯಿತು. ಆತ ಕೆಲವು ಅಕ್ಷರ ಬರೆದ. ಪೆನ್ನು ನಿಂತಿತು. ಮತ್ತೆ ಬರೆದ, ಹೊಡೆದುಹಾಕಿದ. ಯಂತ್ರದ ಒತ್ತು ಗೆರೆ ಎಳೆದಂತೆ ಒಂದೇ ಸಮ. ಸುಶೀಲವ್ವನ ಬೆರಳು ಉದ್ದ ಒತ್ತಿನಲ್ಲಿ ಕೊಂಚ ತಂಗುತ್ತಿತ್ತು, ಮಾತಿನ ಕೊನೆಗೆ ಹಗುರಾಗುತ್ತಿತ್ತು. ಅವನು ಕಲಿತದ್ದು ಆ ಕೈಯನ್ನು. ಅಧಿಕಾರಿ ಒಳ್ಳೆಯವರು, ಇನ್ನೊಮ್ಮೆ ಕಳಿಸಿದರು. ಅವನ ಹೆಗಲು ಕುಸಿದದ್ದು ಕಿಟಕಿಯಿಂದ ಅವಳಿಗೆ ಕಂಡಿತು. ತನ್ನ ಕೈಯೇ ಅವನನ್ನು ಕೆಡಿಸಿತೆಂದು ಅವಳು ಅಳತೊಡಗಿದಳು. ಅಧಿಕಾರಿ ಪಾಟಿಯ ಮೇಲೆ ಬರೆದು ತೋರಿಸಿದರು: ‘ಇದೊಂದರಲ್ಲಿ ಆಗಲಿಲ್ಲ. ಮತ್ತೆ ಬನ್ನಿ.’ ಆತ ಕೈಮುಗಿದು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೊರಬಂದ.

ಇಸಾಕಸಾಬ ಹುಡುಗರ ಜೊತೆ ಹಿಂದೆ ಉಳಿದ. ಗಂಡಹೆಂಡತಿ ಇಬ್ಬರೇ ಬ್ಯಾಡಗಿಯ ಬಸ್ಸು ಹತ್ತಿದರು. ಬಸ್ಸು ತುಂಬಿತ್ತು. ಪ್ರಭುಲಿಂಗಪ್ಪ ಕಿಟಕಿಯ ಕಡೆ ಕೂತು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ನೋಡತೊಡಗಿದ. ಸುಶೀಲವ್ವ ಮೊಣಕೈ ಮುಟ್ಟಿದಳು, ಆತ ತಿರುಗಲಿಲ್ಲ. ಮೋಟೆಬೆನ್ನೂರು ಬಂದಾಗ ತಾನೇ ಬಾಯಿ ಬಿಟ್ಟ.

“ಸಾಕು. ಕೀಲಿ, ಸ್ಪೀಕರ್ ಎಲ್ಲಾ ಇಸಾಕಗ ವಾಪಸ್ ಕೊಟ್ಟ ಬಿಡು. ಕಿವುಡರು ಕಿವುಡರಂಗ ಇರಬೇಕು.”

ಸುಶೀಲವ್ವ ಅವನ ಕಂಕುಳನ್ನೇ ನೋಡಿದಳು. ಲೈಸೆನ್ಸು ಹೋದರೆ ಹೋಗಲಿ. ಕಂಕುಳಲ್ಲಿ ಸೇರಿದ ಆ ಕೈ ಇನ್ನು ಈಚೆ ಬಾರದಿದ್ದರೆ? ಮತ್ತೆ ಅದೇ ಕಟ್ಟೆ, ಅದೇ ರಸ್ತೆ, ಅದೇ ‘ಊಟ’, ‘ಸ್ನಾನ’. ಚಹಾದ ಮಾತು, ಮುದುಕವ್ವನ ಮಾತು ಈಗ ಅವನನ್ನು ಕರೆದು ತರಲಾರವು ಎಂದು ಅವಳಿಗೆ ಗೊತ್ತಾಯಿತು.

ಅವಳು ಅವನ ಹೆಗಲಿನ ಟವೆಲ್ಲು ಎಳೆದು ತೊಡೆಯ ಮೇಲೆ ಹಾಸಿದಳು. ಬಲವಂತವಾಗಿ ಕೈಯನ್ನು ಕಂಕುಳಿಂದ ಬಿಡಿಸಿ ಅದರ ಕೆಳಗೆ ಸೇರಿಸಿದಳು. ಪಕ್ಕದ ಸೀಟಿನವರು ನೋಡಿದರು, ನೋಡಲಿ. ಅಂಗೈ ಮುಷ್ಟಿ ಕಟ್ಟಿತ್ತು. ಒಂದೊಂದೇ ಬೆರಳು ಬಿಡಿಸಿ, ನಿಧಾನಕ್ಕೆ ಒತ್ತಿದಳು. ಪಿ. ಆರ್. ಎ. ಆತ ಹೊರಗೇ ನೋಡುತ್ತಿದ್ದ. ಬಿ. ಎಚ್. ಯು. ತಲೆ ಥಟ್ಟನೆ ಈಚೆ ತಿರುಗಿತು. ಸುಶೀಲವ್ವ ಅವನ ಮುಖ ನೋಡಲಿಲ್ಲ. ನೋಡಿದ್ದರೆ ಬೆರಳು ನಿಲ್ಲುತ್ತಿತ್ತು. ಮುಂದಿನ ಸೀಟಿನ ಕಂಬಿ ನೋಡುತ್ತ ಕೊನೆಯ ಅಕ್ಷರದವರೆಗೂ ಒತ್ತಿ ಮುಗಿಸಿದಳು.

ತಮ್ಮ ದನಿ ಎಷ್ಟು ದೊಡ್ಡದೆಂದು ಕಿವಿ ಹೋದವರಿಗೆ ತಿಳಿಯುವುದಿಲ್ಲ.

“ಏನಂದಿ?” ಎಂದು ಪ್ರಭುಲಿಂಗಪ್ಪ ಕೇಳಿದ್ದು ಇಡೀ ಬಸ್ಸಿಗೆ ಕೇಳಿಸಿತು. “ಇನ್ನೊಮ್ಮೆ ಹೇಳು!”

ಡ್ರೈವರು ಕೂಡ ಕನ್ನಡಿಯಲ್ಲಿ ನೋಡಿದ. ಸುಶೀಲವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಮೊದಲ ಅಕ್ಷರದಿಂದ ಮತ್ತೆ ಶುರು ಮಾಡಿದಳು.