ಸ್ಟ್ರಿಬ್ಲಿಂಗ್ ಮನೆಯ ಬೆಳ್ಳಿ

ಜಾರ್ಜಿಯಾದ ಹಾರ್ಕಿನ್ಸ್ ಕೌಂಟಿಯಲ್ಲಿ ಜನಕ್ಕಿಂತ ಇತಿಹಾಸ ಜಾಸ್ತಿ. ಯಾವನೋ ಸೇನಾಧಿಪತಿಯ ಕುದುರೆಯ ಲಾಳ ಕಳಚಿದ ಜಾಗಕ್ಕೂ ರಸ್ತೆ ಪಕ್ಕ ಒಂದು ಎರಕದ ಫಲಕವಿದೆ. ಬಿರುಗಾಳಿಗೆ ಉರುಳಿದ ಓಕ್ ಮರ ಇಲ್ಲಿತ್ತು ಎಂದು ಸಾರುವ ಫಲಕವೂ ಇದೆ. ಮರ ಇದ್ದಷ್ಟು ದಿನ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಇವನ್ನೆಲ್ಲ ನೆಡಿಸಿದವರು ಪರಂಪರಾ ಸಂಘದ ಅಧ್ಯಕ್ಷೆ ಮಿಸ್ ವೀಡಾ ಸ್ಟ್ರಿಬ್ಲಿಂಗ್. ಎಪ್ಪತ್ತೆಂಟು ವರ್ಷವಾದರೂ ತಮ್ಮ ಮನೆಯ ಮುಂದೆ ಬರೀ ಟಪಾಲು ಡಬ್ಬಿ ನಿಂತಿದೆಯಲ್ಲ ಎಂಬುದೇ ಅವರ ಕೊರಗು.

ಆ ಕಡೆಯ ಹಳೆಯ ಮನೆತನಗಳಿಗೆಲ್ಲ ಒಂದು ಬೆಳ್ಳಿಯ ಕಥೆ ಇರಲೇಬೇಕು. ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯ ಬಂತು, ಬೆಳ್ಳಿ ಸಾಮಾನನ್ನು ಎಲ್ಲೋ ಬಚ್ಚಿಟ್ಟರು, ಆಮೇಲೆ ಸಿಗಲಿಲ್ಲ. ತಗಡಿನ ತಟ್ಟೆಯಲ್ಲಿ ಉಂಡವರ ಮೊಮ್ಮಕ್ಕಳೂ ಬೆಳ್ಳಿ ಕಳೆದುಕೊಂಡ ದುಃಖದಲ್ಲೇ ಬದುಕುತ್ತಿದ್ದರು. ವೀಡಾ ಅವರ ಕಥೆಯಲ್ಲಿ ಬೆಳ್ಳಿ ಬಾವಿಯಲ್ಲಿತ್ತು. ಬಾವಿಗೊಂದು ಫಲಕ ಹಾಕಿಸಿಯೇ ಸಾಯಬೇಕೆಂದು ಅವರು ಹೂಳೆತ್ತಿಸಿದರು. ಸಿಕ್ಕಿದ್ದು ಬಕೆಟ್ಟಿನ ಹಿಡಿ ಮತ್ತು ಒಂದು ಸೋಡಾ ಬಾಟಲಿ.

ಫಲಕ ಬೇಕಿದ್ದರೆ ಮನೆತನದ ಹೊರಗಿನವರು ಯಾರಾದರೂ ಸಾಕ್ಷಿ ಹೇಳಬೇಕು ಎಂದರು ಫಲಕ ಮಂಜೂರು ಮಾಡುವ ರಾಜ್ಯದ ಕಚೇರಿಯವರು. ಕ್ಷೌರದಂಗಡಿಯಲ್ಲಿ ಆಗಲೇ ನಗೆ ಎದ್ದಿತ್ತು: "ಸ್ಟ್ರಿಬ್ಲಿಂಗ್ ಮನೇಲಿ ಬೆಳ್ಳಿ ಅಂತ ಇದ್ದಿದ್ದು ಅಜ್ಜಿ ತಲೆಕೂದ್ಲು ಮಾತ್ರ." ಆ ಮಾತು ವೀಡಾ ಅವರ ಕಿವಿಗೂ ಬಿತ್ತು. ಈಗ ಪ್ರಶ್ನೆ ಫಲಕದ್ದಲ್ಲ, ಮಾನದ್ದು.

ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ ವಷ್ಟಿ ಲಾಕೆಟ್ ಅವರ ಮನೆಗೆ ಹೋದರು. ವಷ್ಟಿಯ ಮುತ್ತಜ್ಜಿ ಟೆಂಪಿ, ಸ್ಟ್ರಿಬ್ಲಿಂಗರ ಅಡುಗೆಮನೆಯ ಗುಲಾಮಳಾಗಿದ್ದವಳು. ತಮಗಿಂತ ಹಿರಿಯಳಾದ ವಷ್ಟಿಯನ್ನು ವೀಡಾ ಹುಟ್ಟಿದಾಗಿನಿಂದ ಏಕವಚನದಲ್ಲೇ ಮಾತಾಡಿಸಿದವರು. ಕೆಲಸ ಬಿದ್ದ ದಿನ ಬಾಯಿಗೆ ಬಹುವಚನ ಬಂತು.

"ಮಿಸ್ ವಷ್ಟಿ, ಹೇಗಿದೀರಿ?"

ಜಗಲಿಯಲ್ಲಿ ಅಲಸಂದೆ ಸುಲಿಯುತ್ತಿದ್ದ ವಷ್ಟಿಯ ಕೈ ನಿಂತಿತು. "ಯಾರು ಹೋಗ್ಬಿಟ್ರು?"

"ಯಾರೂ ಇಲ್ಲ. ಫಲಕಕ್ಕೊಂದು ಸಾಕ್ಷಿ ಬೇಕಿತ್ತು. ನಮ್ಮ ಬೆಳ್ಳಿ ವಿಷ್ಯ ನಿಮ್ಮನೇಲಿ ಏನಾದ್ರೂ ಹೇಳ್ತಿದ್ರಾ ಅಂತ ಕೇಳೋಣ ಅಂತ ಬಂದೆ."

"ಹೇಳದೆ ಏನು. ನಮ್ಮ ಚರ್ಚಲ್ಲಿ ಚಿಕ್ಕಮಕ್ಕಳಿಗೂ ಗೊತ್ತು."

ವೀಡಾ ಅವರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಇತ್ತು."

"ಇತ್ತು. ಒಂದು ಡಜನ್ ಚಮಚ, ಒಂದು ಟೀ ಹೂಜಿ. ಬಚ್ಚಿಡು ಅಂತ ಟೆಂಪಿ ಕೈಗೆ ಕೊಟ್ರು. ಬಚ್ಚಿಟ್ಳು."

"ಬಾವೀಲಿ?"

"ಬಾವೀಲಿ ಯಾರಾದ್ರೂ ಇಡ್ತಾರಾ, ಮಿಸ್ ವೀಡಾ? ಸಿಪಾಯಿಗಳು ಮೊದ್ಲು ಇಣುಕೋದೇ ಅಲ್ಲಿ. ಯುದ್ಧ ಮುಗಿದ್ಮೇಲೆ ಅದನ್ನ ಮಾರಿ, ಗುಡ್ಡದ ಮೇಲೆ ಜಾಗ ತಗೊಂಡ್ಳು. ನಮ್ಮ ಚರ್ಚು ನಿಂತಿರೋದು ನಿಮ್ಮ ಟೀ ಹೂಜಿ ಮೇಲೆ."

"ಅಂದ್ರೆ ಕದ್ದಳು."

ವಷ್ಟಿ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದರು. "ಅವಳ ಇಬ್ರು ಮಕ್ಕಳನ್ನ ಮಾರಿ ಆ ಬೆಳ್ಳಿ ತಂದಿದ್ರು. ಐಸಾಕ್, ನ್ಯಾನ್ಸಿ. ಎಲ್ಲಿಗೆ ಹೋದ್ರೋ ಇವತ್ತಿಗೂ ಗೊತ್ತಿಲ್ಲ. ಕದ್ದೋರು ಯಾರು ಅಂತ ಬರೆಸೋದಾದ್ರೆ ಪೂರ್ತಿ ಬರೆಸಿ. ಸಾಕ್ಷಿ ನಾನು ಹೇಳ್ತೀನಿ."

ವೀಡಾ ವಷ್ಟಿ ಕೊಟ್ಟಿದ್ದ ಸಿಹಿ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಇಕ್ಕಟ್ಟು ಚೆನ್ನಾಗಿಯೇ ಇತ್ತು. ಟೆಂಪಿಯನ್ನು ಬಿಟ್ಟರೆ ಬೆಳ್ಳಿ ಇಲ್ಲ. ಬೆಳ್ಳಿ ಬೇಕೆಂದರೆ ಆ ಮಕ್ಕಳೂ ಬರುತ್ತಾರೆ. ಬಹಳ ದಿನ ಬಾವಿಕಟ್ಟೆ ನೋಡುತ್ತ ಕುಳಿತರು. ಅವರ ಮನಸ್ಸನ್ನು ತಿರುಗಿಸಿದ್ದು ನ್ಯಾಯವಲ್ಲ, ಕ್ಷೌರದಂಗಡಿ. ಸುಳ್ಳು ಬೊಗಳುವ ವಂಶ ಅನ್ನಿಸಿಕೊಳ್ಳುವುದಕ್ಕಿಂತ ಬೆಳ್ಳಿ ಇದ್ದ ಪಾಪಿಗಳ ವಂಶ ಅನ್ನಿಸಿಕೊಳ್ಳುವುದೇ ಮೇಲೆಂದು ತೀರ್ಮಾನಿಸಿದರು.

ವಷ್ಟಿ ಸಾಕ್ಷಿ ಹೇಳಿದರು. ಫಲಕ ಬಾವಿಯ ಹತ್ತಿರ ಬರಲಿಲ್ಲ, ಗುಡ್ಡದ ಮೇಲಿನ ಚರ್ಚಿನ ಮುಂದೆ ಬಂತು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಉದ್ದನೆಯ ಮೇಜು ಹಾಕಿ, ಮನೆಮನೆಯಿಂದ ತಂದ ಕರಿದ ಕೋಳಿ, ಸೊಪ್ಪು, ಕೇಕು ಇಟ್ಟಿದ್ದರು. ಅಧ್ಯಕ್ಷೆಯಾಗಿ ವೀಡಾ ಅವರೇ ಫಲಕದ ಬಟ್ಟೆ ಸರಿಸಿ ಓದಬೇಕಾಯಿತು. 'ಸ್ಟ್ರಿಬ್ಲಿಂಗ್ ಮನೆತನದ ಬೆಳ್ಳಿ' ಎಂಬಲ್ಲಿ ಅವರ ದನಿ ಕ್ಷೌರದಂಗಡಿಯವರೆಗೂ ಕೇಳುವಂತಿತ್ತು. ಮಕ್ಕಳ ಹೆಸರು ಬಂದಾಗ ದನಿ ಇಳಿಯಿತು. ಹಿಂದಿನ ಸಾಲಿನವರು ಕೇಳಿಸಲಿಲ್ಲ ಎಂದರು. ಇನ್ನೊಮ್ಮೆ ಓದಬೇಕಾಯಿತು. ಐಸಾಕ್. ನ್ಯಾನ್ಸಿ. ಆಗ ಅವರಿಗೆ ನಿಜವಾಗಿ ನಾಚಿಕೆಯಾಯಿತು.

ಊಟದ ಹೊತ್ತಿಗೆ ವಷ್ಟಿ ವೀಡಾ ಅವರಿಗೆ ಕೇಕಿನ ತಟ್ಟೆ ತಂದುಕೊಟ್ಟರು. ಎಲ್ಲರ ತಟ್ಟೆಯಲ್ಲೂ ಪ್ಲಾಸ್ಟಿಕ್ ಚಮಚ, ಇವರದರಲ್ಲಿ ಭಾರವಾದದ್ದೊಂದು. ತಿರುಗಿಸಿದರೆ ಹಿಡಿಯ ಮೇಲೆ ಸವೆದುಹೋದ ಸ್ಟ್ರಿಬ್ಲಿಂಗರ ಮೊದಲಕ್ಷರ. ಎಪ್ಪತ್ತೆಂಟು ವರ್ಷ ಹೇಳಿಕೊಂಡು ಬಂದ ಬೆಳ್ಳಿಯನ್ನು ವೀಡಾ ಮುಟ್ಟಿದ್ದು ಅದೇ ಮೊದಲು.

"ಟೆಂಪಿ ಒಂದು ಉಳಿಸ್ಕೊಂಡಿದ್ಳು," ಎಂದರು ವಷ್ಟಿ. "ತಿಂದು ವಾಪಸ್ ಕೊಡಿ, ಮಿಸ್ ವೀಡಾ. ಅದು ನಮ್ಮನೇದು."

ವೀಡಾ ಕೇಕು ತಿಂದರು. ಚಮಚವನ್ನು ಕರವಸ್ತ್ರದಿಂದ ಒರೆಸಿ, "ತಗೊಳ್ಳಿ, ಮಿಸ್ ವಷ್ಟಿ" ಎಂದು ಹಿಂದಿರುಗಿಸಿದರು.