ಶೇಷಗಿರಿರಾಯರ ಒಂದೇ ಬೀಗದ ಕೈ

ಶೇಷಗಿರಿರಾಯರು ಯಾವ ವಸ್ತುವನ್ನೂ ಮುಟ್ಟಿ ನೋಡುತ್ತಿರಲಿಲ್ಲ. ಮಾಲೂರು ಸ್ಟೇಷನ್ ರಸ್ತೆಯ ನನ್ನ ಗುಜರಿ ಅಂಗಡಿಗೆ ಬಂದವರೆಲ್ಲ ಹಿತ್ತಾಳೆಯನ್ನು ಕುಟ್ಟುವರು, ತಾಮ್ರವನ್ನು ಉಗುರಿನಲ್ಲಿ ಕೆರೆಯುವರು, ಎತ್ತಿ ಎತ್ತಿ ತೂಕ ನೋಡುವರು. ರಾಯರು ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತು ಓರೆ ಮಾಡಿ, ಹಾವಿನ ಬಿಲ ನೋಡುವವರ ಹಾಗೆ ನೋಡುತ್ತ ನಿಲ್ಲುವರು.

ಮೊದಲ ಸಲ ಬಂದಾಗ ಅವರಿಗೆ ಬೇಕಾಗಿದ್ದದ್ದು ಮಿಲಿಟರಿ ಹರಾಜಿನಲ್ಲಿ ನನಗೆ ಸಿಕ್ಕಿದ್ದ ಚೌಕದ ಹಿತ್ತಾಳೆ ಕೊಳವೆ. ಟಾರ್ಚು ಬಿಟ್ಟು ಒಳಗೆ ಇಣುಕಿದರು.

“ಒಳಗೊಂದು ನಗ್ಗು ಇದೆ. ಬೇಡ.”

“ಹೊರಗೆ ಫಳಫಳ ಅಂತಿದೆಯಲ್ಲ ಸ್ವಾಮಿ!”

“ಅಲೆ ಹೋಗೋದು ಒಳಗೆ ಕಣ್ರೀ ನಾರಾಯಣಪ್ಪ.”

ಬೇರೊಂದನ್ನು ಆರಿಸಿ, ನಾನು ಹೇಳಿದ ಬೆಲೆಗೇ ಒಪ್ಪಿಬಿಟ್ಟರು. ನನಗೆ ತಡೆಯಲಾಗಲಿಲ್ಲ. “ಹೇಳಿದ ರೇಟಿಗೆ ತಗೊಂಡ್ರೆ ಊರೆಲ್ಲ ನಿಮ್ಮನ್ನ ಬೋಳಿಸ್ತಾರೆ. ಅರ್ಧಕ್ಕೆ ಕೇಳಿ, ಮುಕ್ಕಾಲಿಗೆ ನಿಲ್ಲಿ” ಎಂದೆ. “ನೀವೇ ಹೇಳ್ಕೊಟ್ಟು ನೀವೇ ಸೋಲ್ತೀರಲ್ರೀ!” ಎಂದು ನಕ್ಕರು. ಅಂದಿನಿಂದ ಸ್ನೇಹ.

ಮುಳಬಾಗಿಲಿನ ಶಾನುಭೋಗರ ಮನೆತನ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ, ದಿನವೂ ಮಾಲೂರಿನಿಂದ ಬೆಳಗಿನ ರೈಲು. ರೈಲು ತಡವಾದರೆ ನನ್ನ ಅಂಗಡಿಯ ಬೆಂಚು. ಏನು ಕೆಲಸವೆಂದು ಕೇಳಿದಾಗ ಸಲೀಸಾಗಿ ಹೇಳಿದ್ದರು.

“ವಸ್ತುವಿನೊಳಗೆ ವಿದ್ಯುತ್ತು ಹೆಂಗೆ ಓಡುತ್ತೆ ಅಂತ ಅಳೀತೀವಿ. ತಂತಿ ಕಟ್ಟಿ ಕೇಳಿದ್ರೆ ತಂತಿಯ ಚಾಡಿಯೂ ಜೊತೆಗೆ ಬರುತ್ತೆ. ಅದಕ್ಕೇ ಕಟ್ಟಲ್ಲ. ದೂರದಿಂದ ವಿಕಿರಣದ ಒಂದೇ ಒಂದು ಏಟು. ರೆಪ್ಪೆ ಬಡಿಯೋದಕ್ಕಿಂತ ಎಷ್ಟೋ ಚಿಕ್ಕದು. ಒಳಗಿನ ಕಣಗಳು ಕಿತ್ಕೊಂಡು ಓಡ್ತವೆ. ಕೊಳವೇಲಿ ಹಾಯ್ತಿರೋ ಮೈಕ್ರೋವೇವ್ ಅಲೆ ಆಗ ಚೂರು ಸೊರಗುತ್ತೆ. ಎಷ್ಟು ಸೊರಗ್ತು, ಎಷ್ಟು ಬೇಗ ಚೇತರಿಸ್ಕೊಂತು, ಅಷ್ಟು ನೋಡಿದ್ರೆ ವಸ್ತುವಿನ ಗುಣ ಗೊತ್ತಾಯ್ತು.”

“ಏಟು ತಿಂದಿದ್ದಕ್ಕೆ ಏನೂ ಆಗಲ್ವ?”

“ಅದಕ್ಕಿಂತ ಮುಂಚೆ ನಮಗೆ ಆಗುತ್ತೆ, ಅಡ್ಡ ನಿಂತ್ರೆ. ನೋವಿರಲ್ಲ, ಗಾಯ ಕಾಣಲ್ಲ. ಆಮೇಲೆ ಯಾವಾಗ್ಲೋ ಮೈ ಹೇಳುತ್ತೆ.”

ಬೆಂಚಿನ ಮೇಲೆ ಕಾಫಿ ಹೀರುತ್ತ ಆಡಿದ ಮಾತು.

ಸೀಸದ ಇಟ್ಟಿಗೆ ತಲುಪಿಸಲು ಹೋದಾಗ ಆ ಕೋಣೆ ನೋಡಿದೆ. ಕೋಟೆಯಂಥ ಗೋಡೆ, ಕಿಟಕಿಯಿಲ್ಲ. ಯಂತ್ರ ನಡೆಸುವ ಮೇಜು ಹೊರಗೆ. ಯಂತ್ರಕ್ಕೆ ಒಂದೇ ಬೀಗದ ಕೈ. ಅದನ್ನು ರಾಯರು ಮುದ್ದೆ ಕೋಲಿನ ತುಂಡೊಂದಕ್ಕೆ ಕಟ್ಟಿದ್ದರು. ಒಳಗೆ ಹೋಗುವವರು ಅದನ್ನು ಮೇಜಿನ ಬೀಗದಿಂದ ಕಿತ್ತು ಜೊತೆಗೇ ಒಯ್ದು ಒಳಗಿನ ಮೊಳೆಗೆ ನೇತುಹಾಕಬೇಕು. ಅದು ಒಳಗಿರುವಷ್ಟು ಹೊತ್ತು ಹೊರಗಿನವರು ಯಂತ್ರ ನಡೆಸುವಂತಿಲ್ಲ.

ಒಮ್ಮೆ ರಾಯರು ಆ ಕೋಲನ್ನು ಮನೆಯಲ್ಲೇ ಬಿಟ್ಟು ರೈಲು ಹತ್ತಿದ್ದರಿಂದ ಇಡೀ ದಿನದ ಕೆಲಸ ಕೆಟ್ಟಿತು. “ಇನ್ನೊಂದು ಮಾಡಿಸಿಟ್ಕೊಳ್ಳಿ ಸ್ವಾಮಿ” ಎಂದೆ.

“ವದ್ದು ನಾರಾಯಣಪ್ಪ, ಬೇಡವೇ ಬೇಡ! ಒಂದೇ ಇರೋದ್ರಿಂದ ನಾನು ಜೀವಂತ ಇದ್ದೀನಿ.”

ಬೇಡವೆಂದ ಮೇಲೆ ಸುಮ್ಮನಿರಬೇಕಿತ್ತು. ರಾಯರ ಕೈಕೆಳಗಿನ ಮೂರ್ತಿ ಒಂದು ದಿನ ಕೊಳವೆ ಒಯ್ಯಲು ಬಂದ. ರಾಯರು ಮುಳಬಾಗಿಲಿಗೆ ರಜೆಯ ಮೇಲೆ ಹೋಗುವವರಿದ್ದು ಕೋಲನ್ನು ಅವನ ಕೈಗೆ ಕೊಟ್ಟಿದ್ದರು. “ಬೇರೆ ದಿನ ಇವರು ಇಲ್ದಿದ್ರೆ ಕೆಲಸ ನಿಂತೇಹೋಗುತ್ತೆ ಸಾರ್” ಎಂದು ಗೊಣಗಿದ. ನಾನೇ ಎದ್ದು, ರಾಯರಿಗೆ ಹೇಳದೆ, ಸ್ಟೇಷನ್ ಮುಂದೆ ಕೂರುತ್ತಿದ್ದ ಬೀಗ ರಿಪೇರಿಯವನಿಂದ ಅರ್ಧ ಗಂಟೆಯಲ್ಲಿ ಇನ್ನೊಂದು ಮಾಡಿಸಿಕೊಟ್ಟೆ. ಉಪಕಾರ ಮಾಡಿದೆನೆಂದು ಬೀಗಿದೆ. ಓದುವವರಿಗೆ ಒಂದು ಮಾತು: ನಮಗೆ ತಿಳಿಯದ ಕಸುಬಿನಲ್ಲಿ ಅನುಕೂಲ ಮಾಡಿಕೊಡಲು ಹೋಗಬೇಡಿ.

ಕೆಲವು ತಿಂಗಳ ಮೇಲೆ ಅದು ಆಯಿತು. ರಾಯರು ಒಳಗೆ ಕೂತು ಕೊಳವೆಯ ತುದಿಗೆ ಹೊಸ ತುಣುಕು ಕೂರಿಸುತ್ತಿದ್ದರು. ಟೀ ಕುಡಿದು ಬಂದ ಮೂರ್ತಿ ಒಳಗೆ ಯಾರೂ ಇಲ್ಲವೆಂದುಕೊಂಡು ತನ್ನ ಬೀಗದ ಕೈ ಹಾಕಿ ಯಂತ್ರ ನಡೆಸಿದ. ನಾಲ್ಕೈದು ಏಟು. ರಾಯರ ಕೂಗು ಕೇಳಿ ನಿಲ್ಲಿಸಿ, ಒಳಗೆ ಓಡಿ ಅವರನ್ನು ಎಳೆದು ತಂದ. ಮೇಲಿನವರು ಬರುವ ಹೊತ್ತಿಗೆ ಮುದ್ದೆ ಕೋಲು ಮೇಜಿನ ಬೀಗದಲ್ಲೇ ನೇತಾಡುತ್ತಿತ್ತು. ಅದನ್ನು ಮೊಳೆಯಿಂದ ತಂದು ಅಲ್ಲಿ ಸಿಕ್ಕಿಸಿದವನು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಒಂದು ವಾರ ರಾಯರ ಕೈ ಚೆನ್ನಾಗೇ ಇತ್ತು. ಆಮೇಲೆ ಕೆಂಪಾಯಿತು, ಬೊಬ್ಬೆ ಎದ್ದಿತು, ಕಪ್ಪಾಯಿತು. ಬಲಗೈಯ ಮೂರು ಬೆರಳು ತೆಗೆದರು. ಬೀಗದ ಕೈ ತೆಗೆಯಲು ರಾಯರೇ ಮರೆತರೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಮೂರ್ತಿ ಉತ್ತರದ ಕಡೆಗೆ ವರ್ಗ ಮಾಡಿಸಿಕೊಂಡ.

ಆಸ್ಪತ್ರೆಯಲ್ಲಿ ರಾಯರು ಹೇಳಿದರು: “ಮೊಳೆಗೆ ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ ನಾರಾಯಣಪ್ಪ. ಆದ್ರೆ ಯಂತ್ರ ನಡೆದಿದೆ. ಕೀ ಒಂದೇ. ಅಂದ್ಮೇಲೆ ತಪ್ಪಿರೋದು ನನ್ನ ತಲೇಲಿ.”

ಹೇಳಲು ಬಾಯಿ ತೆರೆದೆ. ನನ್ನನ್ನೂ ಕರೆದು ಕೂರಿಸಿದರೆ? ಅಂಗಡಿಗೆ ಪೊಲೀಸರು ಬಂದರೆ? ಯಾರೂ ಕೇಳದ್ದನ್ನು ಹೇಳಬಾರದೆಂಬುದು ವ್ಯಾಪಾರದ ಮೊದಲ ಪಾಠ. ಎಳನೀರು ಕೊಟ್ಟು ಎದ್ದುಬಂದೆ.

ಎರಡು ವರ್ಷ ಕಳೆಯಿತು. ಕೆಲಸ ಬಿಟ್ಟು ಮುಳಬಾಗಿಲಿಗೆ ಹೋಗಿದ್ದ ರಾಯರು ಮೊದಲಿನ ಹಾಗಿಲ್ಲವೆಂಬ ಸುದ್ದಿ ಕೇಳಿ ಕೇಳಿ ನಿದ್ದೆ ಹತ್ತದೆ, ಒಂದು ಬೆಳಗ್ಗೆ ಬಸ್ಸು ಹತ್ತಿದೆ. ಅವರು ಜಗಲಿಯಲ್ಲಿ ಕೂತಿದ್ದರು. “ಲೇ, ನಾನು ಮಾತ್ರೆ ನುಂಗಿದ್ನೇನೇ?” ಎಂದು ಒಳಗಿನ ಹೆಂಡತಿಯನ್ನು ಕೂಗಿ ಕೇಳಿದರು. “ನುಂಗಿದ್ರಿ.” ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. “ಮರೆವಲ್ಲ ನಾರಾಯಣಪ್ಪನವರೇ” ಎಂದರು ಆಕೆ, ಬಾಗಿಲಿಗೆ ಬಂದು. “ಎಲ್ಲ ಜ್ಞಾಪಕ ಇರುತ್ತೆ. ನಂಬೋದಿಲ್ಲ ಅಷ್ಟೆ.”

ನಾನು ನೆಲದ ಮೇಲೆ ಕೂತೆ. “ಸ್ವಾಮಿ, ನೀವು ಮರೆತಿರಲಿಲ್ಲ. ಕೀ ಎರಡಿತ್ತು. ಮಾಡಿಸಿದೋನು ನಾನು” ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕೈ ಮುಗಿದೆ, ಅತ್ತೆ.

ರಾಯರು ನಿಧಾನಕ್ಕೆ ನಕ್ಕು, ಹೆಂಡತಿಯ ಕಡೆ ತಿರುಗಿದರು.

“ನೋಡೇ, ಎಂಥ ಒಳ್ಳೆ ಮನುಷ್ಯ. ನನ್ನ ಸಮಾಧಾನಕ್ಕೆ ಅಂತ ಮಾಲೂರಿಂದ ಬಂದು ತನ್ನ ಮೇಲೆ ಹಾಕ್ಕೊಂತಾ ಇದ್ದಾರೆ. ಕಾಫಿ ಕೊಡು ಇವರಿಗೆ.”